ದಾವಣಗೆರೇಲಿ ನಕ್ಷತ್ರ ನೋಡೋರ ಗುಂಪು ಐತಾ? ಟೆಲಿಸ್ಕೋಪ್ ಇಲ್ದೋರನ್ನ ಸೇರಿಸ್ಕೊಂತಾರಾ?

ಕುಂದುವಾಡ_ಕೆರೆದಡ:
ಎಲ್ರಿಗೂ ನಮಸ್ಕಾರ. ವಿದ್ಯಾನಗರದ ಹತ್ರ ನಂದೊಂದು ಜೆರಾಕ್ಸ್ ಅಂಗಡಿ ಐತೆ, ಓದಿದ್ದು ಬಿಕಾಂ, ಸೈನ್ಸ್ ಗೊತ್ತಿಲ್ಲ. ಹೋದ ತಿಂಗಳು ಹೆಂಡ್ತಿ ಊರಿಗೆ ಜಾತ್ರೆಗೆ ಹೋದಾಗ ಅಲ್ಲಿ ಮೇಷ್ಟ್ರೊಬ್ರು ಟೆಲಿಸ್ಕೋಪ್ ಇಟ್ಟು ಚಂದ್ರನ್ನ ತೋರಿಸ್ತಿದ್ರು. ಅರ್ಧ ಚಂದ್ರ, ಬೆಳಕು ಮುಗಿದು ಕತ್ಲು ಶುರುವಾಗೋ ಅಂಚಲ್ಲಿ ಒಂದೊಂದು ಗುಳಿಯ ನೆರಳೂ ಕಾಣ್ತಿತ್ತು. ಮೂರು ಸಲ ಮತ್ತೆ ಕ್ಯೂನಲ್ಲಿ ನಿಂತೆ. ಅವತ್ತಿಂದ ಅದೇ ತಲೇಲಿ. ಆನ್‌ಲೈನಲ್ಲಿ 60 ಮಿಮೀದೊಂದು ಐತೆ, ಡಬ್ಬಿ ಮೇಲೆ 525 ಪಟ್ಟು ಅಂತ ಬರ್ದಿದಾರೆ, ತಗೊಂಡು ಆಮೇಲೆ ಗುಂಪು ಹುಡುಕ್ಲಾ, ಇಲ್ಲ ಮೊದ್ಲು ಗುಂಪಾ? ಬರಿಗೈಲಿ ಬಂದ್ರೆ ಏನಂದ್ಕೊಂತಾರೋ ಅಂತ ಹಿಂಜರಿಕೆ.

ದುರ್ಗದ_ಬತೇರಿ:
ಅಣ್ಣ, ದಯವಿಟ್ಟು ಆರ್ಡರ್ ಮಾಡ್ಬೇಡಿ. 60 ಮಿಮೀ ಮಸೂರಕ್ಕೆ ಹೆಚ್ಚೆಂದ್ರೆ 120 ಪಟ್ಟು, ಅದರ ಮೇಲೆ ಎಳೆದ್ರೆ ದೊಡ್ಡದಾಗಿ ಮಬ್ಬಾಗುತ್ತೆ ಅಷ್ಟೇ. ನಾನೂ ಅಂಥದ್ದೇ ತಗೊಂಡಿದ್ದೆ, ಸ್ಟ್ಯಾಂಡ್ ಎಷ್ಟು ಸಡ್ಲ ಅಂದ್ರೆ ಕಣ್ಣು ರೆಪ್ಪೆ ತಾಗಿದ್ರೂ ಗುರುಗ್ರಹ ಕುಣೀತಿತ್ತು, ಎರಡು ವರ್ಷ ಅಟ್ಟದ ಮೇಲೆ ಬಿತ್ತು.

ನಾವು ಚಿತ್ರದುರ್ಗದೋರು ಏಳೆಂಟು ಜನ ಇದೀವಿ, ಬೋರ್ಡು ರಿಜಿಸ್ಟ್ರೇಶನ್ನು ಏನಿಲ್ಲ, ಒಂದು ವಾಟ್ಸಾಪ್ ಗ್ರೂಪು, ಅಮಾವಾಸ್ಯೆಗೆ ಹತ್ರದ ಶನಿವಾರ ಸೇರ್ತೀವಿ. ಟೆಲಿಸ್ಕೋಪ್ ಇರೋದು ಇಬ್ರ ಹತ್ರ ಮಾತ್ರ, ಒಂದು 6 ಇಂಚಿನ ಡಾಬ್ಸೋನಿಯನ್ (ಕನ್ನಡಿ ಇರೋ ಟೆಲಿಸ್ಕೋಪ್, ನೆಲದ ಮೇಲೆ ತಿರುಗೋ ಪೆಟ್ಟಿಗೇಲಿ ಕೂರುತ್ತೆ), ಒಂದು 70 ಮಿಮೀ ಮಸೂರದ್ದು. ಉಳ್ದೋರೆಲ್ಲ ಬರಿಗೈಯವರೇ. ಒಂದೇ ರಾತ್ರೀಲಿ ಒಂದೇ ಶನಿಗ್ರಹನ ಎರಡರಲ್ಲೂ ನೋಡಿದ್ರೆ ನಿಮ್ಗೆ ಯಾವ್ದು ಬೇಕು ಅಂತ ಕಣ್ಣೇ ಹೇಳುತ್ತೆ, ಯೂಟ್ಯೂಬ್ ನೋಡಿ ಗೊತ್ತಾಗಲ್ಲ. ನಮ್ ಕಡೆ ಧ್ರುವ ನಕ್ಷತ್ರ ಬರೀ 14 ಡಿಗ್ರಿ ಮೇಲೆ, ಕೈ ಚಾಚಿ ಹಿಡಿದ್ರೆ ಒಂದೂವರೆ ಮುಷ್ಟಿ, ಒಂದು ಮನೆ ಅಡ್ಡ ಬಂದ್ರೆ ಮುಗೀತು. ಅದನ್ನ ನೋಡಿ ಹೊಂದಿಸ್ಬೇಕಾದ ಸ್ಟ್ಯಾಂಡ್ ತಗೊಂಡು ಸುಸ್ತಾಗೋದಕ್ಕಿಂತ ಡಾಬ್ಸೋನಿಯನ್ ವಾಸಿ. ಮೊದ್ಲು ಬೇಕಾದ್ರೆ 10 ಇಂಟು 50 (10 ಪಟ್ಟು, 50 ಮಿಮೀ ಮಸೂರ) ಬೈನಾಕ್ಯುಲರ್ ತಗೊಳ್ಳಿ. ಗೆಲಿಲಿಯೋ 1610ರಲ್ಲಿ ಕಂಡ ಗುರುವಿನ ನಾಲ್ಕು ಚಂದ್ರ ಅದ್ರಲ್ಲೇ ಕಾಣುತ್ತೆ, ಮೊಣಕೈನ ಗೋಡೆಗೆ ಊರಿ ಹಿಡೀಬೇಕು.

ಬರೋವಾಗ ಚಾಪೆ, ಸ್ವೆಟರ್, ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಕಟ್ಕೊಂಡು ಬನ್ನಿ. ಕಣ್ಣು ಕತ್ಲಿಗೆ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಯಾರೋ ಒಬ್ರು ಫೋನ್ ತೆಗೆದ್ರೆ ಎಲ್ರದ್ದೂ ಮತ್ತೆ ಮೊದ್ಲಿಂದ. ನಮ್ಮಲ್ಲಿರೋ ನಿಯಮ ಇದೊಂದೇ.

ಚಳ್ಳಕೆರೆ_ಹೊಲ:
ಇವ್ರು ಬರೋದು ನಮ್ ಹೊಲಕ್ಕೇ. ದುರ್ಗದ ಹತ್ರದ ಜೋಗಿಮಟ್ಟಿ ಬೆಟ್ಟ ಎತ್ತರ ಐತೆ ಅಂತ ಮೊದ್ಲು ಎಲ್ರೂ ಅಲ್ಲಿಗೇ ಅಂದಿದ್ರು, ಅದು ವನ್ಯಜೀವಿ ಧಾಮ, ರಾತ್ರಿ ಸುಮ್ನೆ ಹೋಗಂಗಿಲ್ಲ. ಇಲ್ಲಿ ಕಡ್ಲೆಕಾಯಿ ಕಿತ್ತ ಮೇಲೆ ಬಯಲೋ ಬಯಲು. ನಮ್ಮಜ್ಜ ಕೃತ್ತಿಕೆ ಮಳೆ, ರೋಹಿಣಿ ಮಳೆ ಅಂತ ಬಾಯಲ್ಲೇ ಲೆಕ್ಕ ಇಡ್ತಿದ್ದ, ಕೃತ್ತಿಕೆ ಮಳೆ ಮೇ ತಿಂಗ್ಳಲ್ಲಿ, ಆದ್ರೆ ಆಗ ಆಕಾಶದಲ್ಲಿ ಎಷ್ಟು ಹುಡುಕಿದ್ರೂ ಕೃತ್ತಿಕೆ ಇಲ್ಲ! ಗುಂಪಿಗೆ ಬಂದ್ಮೇಲೇ ತಿಳಿದಿದ್ದು, ಸೂರ್ಯ ಆ ನಕ್ಷತ್ರದಲ್ಲಿ ಇರೋ ದಿನಕ್ಕೆ ಆ ಮಳೆ ಹೆಸ್ರು, ಸೂರ್ಯನ ಜೊತೇಲಿರೋದು ಕಾಣೋದೆಲ್ಲಿಂದ. ಆರು ತಿಂಗ್ಳು ಬಿಟ್ಟು ಕಾರ್ತಿಕ ಹುಣ್ಣಿಮೆಗೆ ಚಂದ್ರ ಕೃತ್ತಿಕೆ ಹತ್ರಾನೇ ಬರ್ತಾನೆ, ತಿಂಗ್ಳಿಗೆ ಹೆಸ್ರು ಬಂದಿದ್ದೂ ಅದಕ್ಕೇ. ಅಜ್ಜ ಇದ್ದಿದ್ರೆ ಆ ಗೊಂಚಲನ್ನ ಬೈನಾಕ್ಯುಲರಲ್ಲಿ ತೋರಿಸ್ತಿದ್ದೆ. ಬರೀ ಕಣ್ಣಿಗೆ ಆರೇಳು, ಅದ್ರಲ್ಲಿ ಹತ್ತಾರು.

ನಿಟ್ಟುವಳ್ಳಿ_ಟೀಚರ್:
ಸರ್, ನಾನು ದಾವಣಗೆರೆಯಿಂದಾನೇ, ಹೋದ ವರ್ಷ ಮಗಳ ಜೊತೆ ಸೇರಿದೆ. ರಾತ್ರಿ ಹೊಲಕ್ಕೆ ಹೋಗೋದು ಅಂದ್ರೆ ಮನೇಲಿ ಒಪ್ಪಲ್ಲ, ಅದಕ್ಕೆ ಮೊದ್ಲ ಭೇಟಿ ಹಗಲಲ್ಲೇ ಇಡಿ ಅಂತ ನಾನೇ ಕೇಳ್ಕೊಂಡೆ. ಏಪ್ರಿಲ್ ಕೊನೇಲಿ, ಆಮೇಲೆ ಆಗಸ್ಟ್ ನಡುವೆ, ನಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ. ಹೈಸ್ಕೂಲ್ ಮೈದಾನದಲ್ಲಿ ಒಂದಡಿ ಪಿವಿಸಿ ಪೈಪ್ ತುಂಡು ನೆಟ್ಟಗೆ ನಿಲ್ಲಿಸಿದ್ವಿ, 12 ಗಂಟೆ 20 ನಿಮಿಷ ದಾಟ್ತಿದ್ದಂಗೆ ನೆರಳು ಬುಡದೊಳಗೇ ಸೇರ್ಕೊಂಡ್ತು. ಮಗಳು ಪೈಪ್ ಎತ್ತಿ ಕೆಳಗೆ ನೋಡಿದ್ಲು. ಅಲ್ಲೇ ಎಲ್ರ ಪರಿಚಯ ಆಯ್ತು, ಈಗ ನಾವು ಮೂರು ಮನೆಯೋರು ಒಂದೇ ಕಾರಲ್ಲಿ ಹೋಗ್ತೀವಿ, ಪೆಟ್ರೋಲ್ ಹಂಚ್ಕೊಂತೀವಿ. ಯಾವ ಗುಂಪಾದ್ರೂ ಯಾರ್ಯಾರು ಬರ್ತಾರೆ, ಎಷ್ಟೊತ್ತಿಗೆ ವಾಪಸ್ಸು ಅಂತ ಮುಂಚೇನೇ ಕೇಳಿ, ಸರಿಯಾಗಿ ಉತ್ರ ಕೊಡೋರ ಜೊತೆ ಮಾತ್ರ ಹೋಗಿ.

ದುರ್ಗದ_ಬತೇರಿ:
ಒಂದು ಮರ್ತಿದ್ದೆ. ಮೇ ತಿಂಗ್ಳಲ್ಲಿ ಬಂದ್ರೆ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಒಮೆಗಾ ಸೆಂಟಾರಿ ತೋರಿಸ್ತೀನಿ, ಲಕ್ಷಾಂತರ ನಕ್ಷತ್ರದ ಉಂಡೆ. ನಮ್ಗೆ ಸುಮಾರು 28 ಡಿಗ್ರಿ ಎತ್ತರಕ್ಕೆ ಬರುತ್ತೆ, ದೆಹಲಿಯೋರಿಗೆ ಅದ್ರ ಅರ್ಧ. 6 ಇಂಚಲ್ಲಿ ಮೊದ್ಲು ಮಂಜಿನಂಗೆ ಕಾಣುತ್ತೆ, ಒಂದು ನಿಮಿಷ ಬಿಡದೆ ನೋಡಿ, ಕಾಳು ಕಾಳಾಗಿ ಬಿಡಿಸ್ಕೊಳ್ಳುತ್ತೆ.

ಕುಂದುವಾಡ_ಕೆರೆದಡ:
ಕಾರ್ಟಿಂದ ತೆಗೆದು ಹಾಕ್ದೆ. ಟೀಚರ್, ನಿಮ್ ಕಾರಲ್ಲಿ ಜಾಗ ಇಲ್ದಿದ್ರೆ ನಾನು ದುರ್ಗದ ತನಕ ಬಸ್ಸಲ್ಲಿ ಬರ್ತೀನಿ, ಬಸ್ ಸ್ಟ್ಯಾಂಡಿಂದ ಯಾರಾದ್ರೂ ಹತ್ತಿಸ್ಕೊಂತೀರಾ? ಶನಿವಾರ ಅಂಗಡಿ ಏಳಕ್ಕೇ ಮುಚ್ತೀನಿ.