ಸ್ವೀಡನ್ನಿನಿಂದ ವಲಸೆ ಬಂದ ಪೂರ್ವಜರ ಊರನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಮಿನ್ನೆಸೋಟದಲ್ಲಿ ನೆಲೆಸಿರುವ ಕನ್ನಡತಿ. ನನ್ನ ಪತಿಯ ಮುತ್ತಜ್ಜ 1880ರ ದಶಕದಲ್ಲಿ ಸ್ವೀಡನ್ನಿನ ಸ್ಮೋಲ್ಯಾಂಡ್ ಸೀಮೆಯಿಂದ ಬಂದವರೆಂದು ಮನೆಯ ಹಿರಿಯರು ಹೇಳುತ್ತಾರೆ. ಜಾನ್ಸನ್ ಎಂಬ ಹೆಸರನ್ನು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನೂ ಇಲ್ಲ. ಅವರು ಹುಟ್ಟಿದ ಊರನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆಯಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ (ವಂಶಾವಳಿ ಸಂಶೋಧಕರು): ಆ ಹೆಸರೊಂದನ್ನೇ ನೆಚ್ಚಿಕೊಂಡು ಸ್ವೀಡನ್ನಿನ ದಾಖಲೆಗಳಿಗೆ ಇಳಿಯಬೇಡಿ. ಆ ಕಾಲದ ಹಳ್ಳಿಗರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇರಲಿಲ್ಲ. ಯೋಹಾನನ ಮಗ ಯೋಹಾನ್ಸನ್, ಮಗಳು ಯೋಹಾನ್ಸ್‌ಡಾಟರ್. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಹೊತ್ತಿರುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಅಮೆರಿಕಕ್ಕೆ ಬಂದ ಮೇಲೆ ಯೋಹಾನ್ಸನ್, ಯೋನ್ಸನ್ ಮುಂತಾದವರೆಲ್ಲ ಜಾನ್ಸನ್ ಆದದ್ದುಂಟು. ನಿಮಗೆ ಬೇಕಾದದ್ದು ಹುಟ್ಟಿದ ದಿನಾಂಕ ಮತ್ತು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ ಗುಂಪಿನ ಹೆಸರು.

ಇವೆರಡೂ ಅಮೆರಿಕದಲ್ಲೇ ಸಿಗುವ ಸಂಭವ ಹೆಚ್ಚು. 1860ರಲ್ಲಿ ಸ್ಥಾಪನೆಯಾದ ಅಗಸ್ಟಾನಾ ಸಿನಡ್ಡಿಗೆ, ಅಂದರೆ ಸ್ವೀಡಿಷ್ ವಲಸಿಗರ ಚರ್ಚುಗಳ ಒಕ್ಕೂಟಕ್ಕೆ, ಸೇರಿದ ಲೂಥರನ್ ಚರ್ಚುಗಳು ತಮ್ಮ ಸದಸ್ಯರ ಪಟ್ಟಿಯಲ್ಲಿ ಅನೇಕ ವೇಳೆ ಜನ್ಮದಿನವನ್ನೂ ಸ್ವೀಡನ್ನಿನ ಪ್ಯಾರಿಷ್ಷನ್ನೂ ಬರೆದಿಡುತ್ತಿದ್ದವು. ಇಲಿನಾಯ್ಸ್‌ನ ರಾಕ್ ಐಲೆಂಡಿನಲ್ಲಿರುವ, ಸ್ವೀಡಿಷ್ ವಲಸೆಯ ಅಧ್ಯಯನಕ್ಕೆ ಮೀಸಲಾದ ಸ್ವೆನ್ಸನ್ ಕೇಂದ್ರದಲ್ಲಿ ಅಂಥ ಪಟ್ಟಿಗಳ ಮೈಕ್ರೋಫಿಲ್ಮ್ ಸಂಗ್ರಹವಿದೆ.

ಪ್ಯಾರಿಷ್ ಗೊತ್ತಾದ ಬಳಿಕ ಮನೆಪರೀಕ್ಷೆಯ ಪುಸ್ತಕಗಳನ್ನು ತೆರೆಯಿರಿ. ಪಾದ್ರಿಯು ಜನರ ಓದನ್ನೂ ಧರ್ಮಬೋಧೆಯ ಅರಿವನ್ನೂ ಪರೀಕ್ಷಿಸಿ ಗುರುತು ಹಾಕುತ್ತಿದ್ದ ಈ ಪುಸ್ತಕಗಳಲ್ಲಿ, ಒಂದೊಂದು ಮನೆಯಲ್ಲಿ ಯಾರಿದ್ದರು, ಎಲ್ಲಿಂದ ಬಂದರು, ಯಾವಾಗ ಎಲ್ಲಿಗೆ ಹೊರಟರು ಎಂಬುದೆಲ್ಲ ಸಿಗುತ್ತದೆ. ಜೀತದಾಳಿನ ಕೂಸಿಗೂ ಜಮೀನ್ದಾರನ ಮಗನಿಗೂ ಒಂದೇ ಪುಟದಲ್ಲಿ ಸಾಲು ದೊರೆತಿರುವುದನ್ನು ಕಂಡಾಗ ನನಗೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರವು 2018ರಿಂದ ಈ ಪುಟಗಳ ಡಿಜಿಟಲ್ ಪ್ರತಿಗಳನ್ನು ಉಚಿತವಾಗಿ ನೋಡಲು ಬಿಟ್ಟಿದೆ.

ಪ್ರಶ್ನೆ: ಪಾದ್ರಿಗೆ ತಿಳಿಸದೆ ಹೊರಟಿದ್ದರೆ?

ಉತ್ತರ: ಹಾಗೆ ಹೊರಟವರೂ ಇದ್ದರು, ವರ್ಷಗಳ ನಂತರ ಅವರ ಹೆಸರು 'ಇರವು ತಿಳಿಯದವರು' ಎಂಬ ಪುಟಕ್ಕೆ ಸೇರುತ್ತಿತ್ತು. ಆಗ ಗೋಥೆನ್‌ಬರ್ಗ್ ಪೊಲೀಸರು 1869ರಿಂದ ಇಟ್ಟ ಪ್ರಯಾಣಿಕರ ಪಟ್ಟಿಯಲ್ಲಿ ಹುಡುಕಿ. ಆ ಬಂದರಿನಿಂದ ಇಂಗ್ಲೆಂಡಿನ ಹಲ್‌ಗೆ, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲಿಗೆ, ಮತ್ತೆ ಹಡಗಿನಲ್ಲಿ ಅಮೆರಿಕಕ್ಕೆ ಹೋಗುವುದೇ ಅಂದಿನ ರೂಢಿಯ ದಾರಿಯಾಗಿತ್ತು. ಸ್ಮೋಲ್ಯಾಂಡಿನ ವಲಸಿಗರ ವಿಷಯದಲ್ಲಿ ವೆಕ್ಷೋ ಪಟ್ಟಣದ 'ವಲಸಿಗರ ಮನೆ'ಯ ಸಂಗ್ರಹವೂ ನೆರವಾದೀತು.

ಪ್ರಯಾಣಕ್ಕೆ ಕೆಲವು ತಿಂಗಳು ಮೊದಲೇ ಆ ಪ್ಯಾರಿಷ್ಷಿನ ಹೆಂಬಿಗ್ಡ್ಸ್‌ಫರೆನಿಂಗ್‌ಗೆ, ಅಂದರೆ ಊರಿನ ಪರಂಪರೆಯನ್ನು ಕಾಯುವ ಸ್ಥಳೀಯ ಸಂಘಕ್ಕೆ, ಪತ್ರ ಬರೆಯಿರಿ. ಕಾಡು ಬೆಳೆದು ಮರೆಯಾದ ಒಕ್ಕಲು ಗುಡಿಸಲುಗಳ ತಳಪಾಯವನ್ನು ಗುರುತಿಸಿ, ಫಲಕ ನೆಟ್ಟು, ಯಾರು ಯಾವಾಗ ಅಲ್ಲಿದ್ದರೆಂದು ಪಟ್ಟಿ ಮಾಡಿರುವ ಸಂಘಗಳು ಅನೇಕ ಇವೆ. ಪತ್ರದಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಮನೆಪರೀಕ್ಷೆಯ ಪುಸ್ತಕದಲ್ಲಿರುವ ಹೊಲಮನೆಯ ಹೆಸರನ್ನು ಬರೆಯಿರಿ. ಅಲ್ಲಿಯವರು ನಿಮ್ಮನ್ನು ಕರೆದೊಯ್ಯಬಲ್ಲದ್ದು ಆ ಜಾಗಕ್ಕೆ.