ಅಲಸಂಡೆ ತಳಿ, ಹೇನಿನ ಕಾಟ: ನಿಮ್ಮ ಅನುಭವ ಹೇಳಿ

ಬ್ರಹ್ಮಾವರದಿಂದ ಪ್ರಶ್ನೆ: ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ ಮಜಲು ಗದ್ದೆಯಲ್ಲಿ (ಮಧ್ಯಮ ಎತ್ತರದ ಗದ್ದೆ) ಕಾಳಿಗೆಂದು ಅಲಸಂಡೆ ಹಾಕುತ್ತೇನೆ. ಕಳೆದ ಸಲ ಹೂ ಬಿಡುವ ಹೊತ್ತಿಗೆ ಕುಡಿ ತುಂಬಾ ಕಪ್ಪು ಹೇನು. ಈ ವರ್ಷ ಊರಿನ ಬೀಜದ ಜೊತೆ ಸಿ-152, ಕೆಬಿಸಿ-2 ತಳಿಗಳನ್ನೂ ಹಾಕಿ ನೋಡುವ ಆಸೆ. ಇಳುವರಿ, ಹೇನು ಎರಡನ್ನೂ ಹೇಗೆ ಹೋಲಿಸುವುದು?

ಕಾರ್ಕಳದಿಂದ: ನನ್ನ ತಪ್ಪು ನೀವು ಮಾಡಬೇಡಿ ಮಾರಾಯ್ರೆ. ಒಂದು ತಳಿ ನೀರು ಹರಿಯುವ ತೋಡಿನ ಬದಿಗೆ, ಇನ್ನೊಂದು ಎತ್ತರದ ದರೆಯ ಬದಿಗೆ ಹಾಕಿದ್ದೆ. ತೋಡಿನ ಬದಿಯದ್ದು ಹುಲುಸಾಗಿ ಬಂತು. ತಳಿಯೇ ಒಳ್ಳೆಯದು ಅಂದುಕೊಂಡೆ. ಮರುವರ್ಷ ಜಾಗ ಅದಲುಬದಲು ಮಾಡಿದರೆ ಗೆದ್ದದ್ದು ಸೋತಿತು! ಅದು ತೇವದ ಗುಣ, ಅಲ್ವಾ? ಈಗ ಪ್ರತಿ ತಳಿಯನ್ನೂ ಮೂರು ಕಡೆ ಹಾಕುತ್ತೇನೆ, ಯಾವುದು ಎಲ್ಲಿಗೆ ಅಂತ ಚೀಟಿ ಎತ್ತಿ. ಬಿತ್ತನೆ ಒಂದೇ ದಿನ.

ಮೂಡುಬಿದಿರೆಯಿಂದ: ಪ್ರತಿ ತಾಕಿನಲ್ಲಿ ಹತ್ತು ಗಿಡಕ್ಕೆ ನೂಲು ಕಟ್ಟಿ. ವಾರಕ್ಕೊಮ್ಮೆ ಕುಡಿಯ ತುದಿ ನಾಲ್ಕು ಬೆರಳಷ್ಟು ನೋಡಿದರೆ ಸಾಕು. ಒಂದೊಂದೇ ಎಣಿಸಲು ಕೂತರೆ ಕಣ್ಣು ಹೋಗುತ್ತದೆ. ನಾನು ಅಂಕ ಕೊಡುತ್ತೇನೆ: ಹೇನಿಲ್ಲದ್ದು 0, ಅಲ್ಲೊಂದು ಇಲ್ಲೊಂದು ಇದ್ದರೆ 1, ಗುಂಪಿದ್ದರೆ 2, ದಂಟೇ ಕಾಣದಿದ್ದರೆ 3. ವಾರ ತಪ್ಪಿಸಬೇಡಿ. ಗಂಡಿನ ಹಂಗಿಲ್ಲದೆ ಮರಿ ಹಾಕಿ ಬೇಗ ಹೆಚ್ಚುವ ಜಾತಿ ಈ ಹೇನು. ಇರುವೆ ಸಾಲಾಗಿ ಹತ್ತುತ್ತಿದ್ದರೆ ಎಲೆಯಡಿ ನೋಡಿ, ಹೇನು ಬಿಡುವ ಸಿಹಿ ಅಂಟು ನೆಕ್ಕಲು ಬಂದಿರುತ್ತವೆ. ಜೋರು ಮಳೆ ಬಂದರೆ ಅದನ್ನೂ ಬರೆದಿಡಿ. ಹೇನು ತೊಳೆದು ಹೋದದ್ದನ್ನು ತಳಿಯ ಹೆಚ್ಚುಗಾರಿಕೆ ಅಂದುಕೊಳ್ಳಬಾರದು.

ಬ್ರಹ್ಮಾವರದಿಂದ: ಮಧ್ಯೆ ಬೇವಿನೆಣ್ಣೆ ಹೊಡೆಯಬಹುದಾ?

ಕಾಪುವಿನಿಂದ: ಪರೀಕ್ಷೆಯ ತಾಕಿಗೆ ಬೂದಿಯೂ ಬೇಡ ಅಕ್ಕಾ. ಆಮೇಲೆ ಹೇನು ತಡೆದದ್ದು ತಳಿಯಾ, ಎಣ್ಣೆಯಾ ಅಂತ ಗೊತ್ತಾಗುವುದು ಹೇಗೆ? ಉಳಿದ ಗದ್ದೆಗೆ ಹೊಡೆಯಿರಿ. ಗುಲಗಂಜಿ ಹುಳ ಜಾಸ್ತಿ ಇದ್ದರೆ ಅದೂ ಬೇಡ, ಅವೇ ಹೇನನ್ನು ತಿನ್ನುತ್ತವೆ. ಯೂರಿಯಾ ಮಾತ್ರ ಎಲ್ಲಿಗೂ ಸುರಿಯಬೇಡಿ, ಕುಡಿ ಮೆತ್ತಗಾಗಿ ಹೇನಿಗೆ ಹಬ್ಬ.

ಇನ್ನೊಂದು ವಿಷಯ. ನಮ್ಮಲ್ಲಿ ಹೇನು ಕಡಿಮೆ ಹಿಡಿದ ತಳಿ ಕಾಳು ಕೊಟ್ಟದ್ದೂ ಕಡಿಮೆ. ಹೇನಿದ್ದರೂ ಬೇಗ ಕೋಡು ಕಟ್ಟಿದ್ದೇ ಮುಂದೆ ಬಂತು. ಹಾಗಾಗಿ ಹಸಿರು ನೋಡಿ ಮರುಳಾಗಬೇಡಿ. ಒಣಗಿಸಿ, ಬಡಿದು, ಮೊರದಲ್ಲಿ ಗೇರಿ, ಆಮೇಲೆ ಕಾಳು ತೂಗಿ. ಪಲ್ಯಕ್ಕೆ ಕಿತ್ತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಅತ್ತೆ ನನಗೆ ಹೇಳದೆ ಎರಡು ಸಲ ಉಪ್ಕರಿ (ಪಲ್ಯ) ಮಾಡಿ ಒಂದು ತಾಕಿನ ಲೆಕ್ಕವನ್ನೇ ತಿಂದು ಮುಗಿಸಿದರು. ಈಗ ನೂಲಿನ ಜೊತೆ ಕೆಂಪು ಬಟ್ಟೆಯನ್ನೂ ಕಟ್ಟಿದ್ದೇನೆ.