ಆರ್‌ಸಿಂಕ್ ಪ್ರತಿ ಸಲವೂ 140 ಜಿಬಿಯನ್ನು ಮೊದಲಿನಿಂದ ನಕಲಿಸುತ್ತಿದೆ

ಬಡಗುತಿಟ್ಟು:
ಮೂರು ರಾತ್ರಿಗಳಿಂದ ಇದೇ ಗೋಳು. ಯಕ್ಷಗಾನದ ಧ್ವನಿಮುದ್ರಣಗಳ ಫೋಲ್ಡರನ್ನು ಲಿನಕ್ಸ್‌ನಿಂದ ಹೊರಗಿನ ಡಿಸ್ಕಿಗೆ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದ ನಕಲಿಸುತ್ತಿದ್ದೇನೆ. ನಿನ್ನೆ ಸೇರಿಸಿದ್ದು ಎರಡೇ ಕಡತ, ಹೋದದ್ದು ಇಡೀ 140 ಜಿಬಿ. ಬದಲಾದದ್ದನ್ನಷ್ಟೇ ಕಳಿಸುತ್ತದೆ ಎಂಬ ಮಾತು ನಂಬಿ ಲಿನಕ್ಸ್‌ನ ಸಾಮಾನ್ಯ ನಕಲು ಆಜ್ಞೆ ಸಿಪಿ ಬಿಟ್ಟು ಇದಕ್ಕೆ ಬಂದವನು ನಾನು.

ಹಳೆಯ_ಟರ್ಮಿನಲ್:
ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇದೆಯೇ? ಇದ್ದರೆ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಒಳಗೆ ಕೂರುತ್ತದೆ.

ಬಡಗುತಿಟ್ಟು:
ಇದೆ. ಎರಡನೇ ಪ್ರತಿ ಎಲ್ಲೂ ಆಗಿಲ್ಲ.

ಹಳೆಯ_ಟರ್ಮಿನಲ್:
ಇನ್ನೊಮ್ಮೆ ನೋಡಿ. ನಾನು ಕಂಡ ಇಂಥ ದೂರುಗಳೆಲ್ಲ ಸ್ಲ್ಯಾಶಿನಲ್ಲೇ ಮುಗಿದಿವೆ.

ಮಲೆನಾಡ_ಲಿನಕ್ಸ್:
ಒಂದೇ ಯಂತ್ರದೊಳಗೆ ಆರ್‌ಸಿಂಕ್ ಯಾಕೆ? ಅಲ್ಲಿ ಅದು ತುಣುಕುಗಳನ್ನು ಹೋಲಿಸುವುದಿಲ್ಲ, ಬದಲಾದ ಕಡತವನ್ನು ಇಡಿಯಾಗಿಯೇ ಬರೆಯುತ್ತದೆ. ಸಿಪಿ -ಎಯು ಸಾಕು; -ಯು ಇದ್ದರೆ ಮೂಲ ಹೊಸದಾಗಿದ್ದಾಗ ಮಾತ್ರ ನಕಲಿಸುತ್ತದೆ.

ಹಳೆಯ_ಟರ್ಮಿನಲ್:
ಸಾಲದು. ನಡುವೆ ಕರೆಂಟ್ ಹೋದರೆ ಸಿಪಿ ಅರ್ಧ ಬರೆದ ಕಡತವನ್ನು ಅದೇ ಹೆಸರಿನಲ್ಲಿ ಬಿಡುತ್ತದೆ. ಅದರ ಸಮಯ ಮೂಲಕ್ಕಿಂತ ಹೊಸದು, ಹಾಗಾಗಿ ಮುಂದಿನ ಸಲ -ಯು ಅದನ್ನು ಮುಟ್ಟುವುದೇ ಇಲ್ಲ. ಆರ್‌ಸಿಂಕ್ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದ ಮೇಲೆ ಹೆಸರು ಬದಲಿಸುತ್ತದೆ.

ಮಲೆನಾಡ_ಲಿನಕ್ಸ್:
ನನ್ನ ಮನೆಯಲ್ಲಿ ನಾಲ್ಕು ಡಿಸ್ಕುಗಳ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಇದೆ. ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ಕಳಿಸಿದರೆ ಮುಗಿಯಿತು, ಈ ತಾಪತ್ರಯವೇ ಇಲ್ಲ.

ಕಡತಪ್ರಿಯ:
ಅವರ ಡಿಸ್ಕಿನ ಫೈಲ್ ಸಿಸ್ಟಂ (ಕಡತಗಳನ್ನು ಜೋಡಿಸಿಡುವ ವಿಧಾನ) ಯಾವುದೆಂದು ಯಾರೂ ಕೇಳಲಿಲ್ಲ. ಪೂರ್ತಿ ಆಜ್ಞೆಯನ್ನು ಹಾಕಿ. -ಎನ್‌ಐ ಸೇರಿಸಿ ಓಡಿಸಿ, ಏನನ್ನೂ ಬರೆಯದೆ ಕಾರಣ ತೋರಿಸುತ್ತದೆ.

ಬಡಗುತಿಟ್ಟು:
ಎಕ್ಸ್‌ಫ್ಯಾಟ್. ಮಾಲೀಕತ್ವ, ಸಮಯ ಎಲ್ಲವನ್ನೂ ಉಳಿಸುವ -ಎ ಕೊಟ್ಟರೆ ಮಾಲೀಕತ್ವ ಬದಲಿಸಲು ಅನುಮತಿಯಿಲ್ಲ ಎಂಬ ದೂರು ಸಾಲುಸಾಲಾಗಿ ಬರುತ್ತಿತ್ತು. ಅದಕ್ಕೇ ಒಳಫೋಲ್ಡರುಗಳನ್ನೂ ನಕಲಿಸುವ -ಆರ್ ಒಂದನ್ನೇ ಉಳಿಸಿಕೊಂಡೆ. ಈಗ -ಎನ್‌ಐ ಜೊತೆ ಓಡಿಸಿದರೆ ಪ್ರತಿ ಸಾಲಿನಲ್ಲೂ ಎರಡು ಚುಕ್ಕೆಗಳ ಪಕ್ಕ ದೊಡ್ಡಕ್ಷರದ ಟಿ ಕಾಣಿಸುತ್ತಿದೆ.

ಕಡತಪ್ರಿಯ:
ಅದೇ ಕಾರಣ. ಆರ್‌ಸಿಂಕ್ ನೋಡುವುದು ಗಾತ್ರ ಮತ್ತು ಮಾರ್ಪಾಡಿನ ಸಮಯವನ್ನು. ಸಮಯವನ್ನು ಉಳಿಸುವ -ಟಿ ಇಲ್ಲದಿದ್ದರೆ ನಕಲಿಗೆ ನಕಲಿಸಿದ ಹೊತ್ತಿನ ಸಮಯವೇ ಬೀಳುತ್ತದೆ, ಮರುದಿನ ಎಲ್ಲವೂ ಬೇರೆಯೆಂದೇ ಕಾಣುತ್ತದೆ. -ಆರ್‌ಟಿ ಬಳಸಿ, ಜೊತೆಗೆ ಒಂದು ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಿಸದಿರಲು --ಮಾಡಿಫೈ-ವಿಂಡೋ=1 ಇರಲಿ. ಮೊದಲ ಸಲ ಮಾತ್ರ --ಸೈಜ್-ಓನ್ಲಿ ಸೇರಿಸಿದರೆ, ಗಾತ್ರ ಹೊಂದಿದ ಕಡತಗಳ ಸಮಯವನ್ನಷ್ಟೇ ತಿದ್ದುತ್ತದೆ. ಗಾತ್ರ ಬದಲಾಗದಂತೆ ಏನನ್ನಾದರೂ ತಿದ್ದಿದ್ದರೆ ಆ ಕಡತವನ್ನು ಬೇರೆಯಾಗಿ ನಕಲಿಸಿಕೊಳ್ಳಿ.

ಬಡಗುತಿಟ್ಟು:
ಆಯಿತು! ಇವತ್ತಿನ ಹೊಸ ಕಡತ ಒಂದೇ ಹೋಯಿತು. ಮನಸ್ಸು ತುಂಬಿ ಧನ್ಯವಾದ.

ಹಳೆಯ_ಟರ್ಮಿನಲ್:
ಆ ನಾಲ್ಕು ಡಿಸ್ಕುಗಳಲ್ಲಿ ಒಂದು ಕೆಟ್ಟರೆ ಮರುಜೋಡಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಮಲೆನಾಡ ಅವರೇ?